ಮುಖ ನೋಡಿ ಕೊಟ್ಟ ತೀರ್ಪು

ಪಿಯುಸಿಯಲ್ಲಿ ನಮಗೆ ಕನ್ನಡ ಹೇಳಿಕೊಡುತ್ತಿದ್ದ ಮೇಷ್ಟ್ರು ವರ್ಷಕ್ಕೆ ಒಂದು ಸಲವಾದರೂ ಈ ಮಾತು ತೆಗೆಯುತ್ತಿದ್ದರು. "ಎರಡನೇ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡ ಇದೆ ಕಣ್ರಯ್ಯಾ. ಈಜಿಪ್ಟಿನ ಮರಳಲ್ಲಿ ಸಿಕ್ಕಿತು." ಇಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟು ನಮ್ಮ ಮುಖ ನೋಡುತ್ತಿದ್ದರು. ಆ ಊರಿನ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು. ಆಕ್ಸಿರಿಂಕಸ್. ಎರಡು ಅಂಕದ ಪ್ರಶ್ನೆಗೆ ಬಂದೀತು ಎಂದು ನಾವು ಬಾಯಿಪಾಠ ಮಾಡಿಕೊಂಡೆವು. ಬರಲಿಲ್ಲ.

ಹೆಸರು ಮಾತ್ರ ತಲೆಯಲ್ಲಿ ಉಳಿಯಿತು. ಎಷ್ಟೋ ವರ್ಷ ಆದ ಮೇಲೆ, ನಿದ್ದೆ ಬಾರದ ಒಂದು ರಾತ್ರಿ, ಸುಮ್ನೆ ಹುಡುಕಿ ನೋಡಿದೆ. ಆ ನಾಲ್ಕು ಕನ್ನಡ ಪದ ನೋಡಿ ಮಲಗೋಣ ಅಂತ. ಆ ಪದಗಳ ಹತ್ತಿರ ಬರುವುದಕ್ಕೇ ನನಗೆ ಕೆಲವು ತಿಂಗಳು ಹಿಡಿಯಿತು. ದಾರಿಯಲ್ಲಿ ಸಿಕ್ಕ ಜನ ಜಾಸ್ತಿ ಇದ್ದರು.

ಮೊದಲು ಊರು. ಕೈರೋದಿಂದ ಸುಮಾರು 160 ಕಿಲೋಮೀಟರ್ ದಕ್ಷಿಣಕ್ಕೆ, ನೈಲ್ ನದಿಯ ಪಶ್ಚಿಮಕ್ಕೆ ಹರಿಯುವ ಬಹ್ರ್ ಯೂಸುಫ್ ಎಂಬ ಕಾಲುವೆಯ ದಡದಲ್ಲಿದೆ. ಈಗ ಅದರ ಹೆಸರು ಅಲ್-ಬಹ್ನಸಾ. ಹಳೇ ಈಜಿಪ್ಟಿನವರು ಪೆರ್-ಮೆಜೆದ್ ಎನ್ನುತ್ತಿದ್ದರು. ಅಲೆಕ್ಸಾಂಡರ್ ಆದ ಮೇಲೆ ಬಂದು ನೆಲೆಸಿದ ಗ್ರೀಕರು ಆಕ್ಸಿರಿಂಕಸ್ ಎಂದರು, ಅಂದರೆ ಚೂಪು ಮೂತಿಯ ಮೀನಿನ ಊರು. ಆ ಮೀನು ಊರಿನವರಿಗೆ ದೇವರು. ಈಜಿಪ್ಟಿನ ಪುರಾಣದಲ್ಲಿ ಸೇತ್ ಎಂಬ ದೇವರು ತನ್ನಣ್ಣ ಒಸಿರಿಸ್‌ನನ್ನು ಕೊಂದು ತುಂಡು ಮಾಡಿ ಚೆಲ್ಲಿದಾಗ, ಒಸಿರಿಸ್‌ನ ಹೆಂಡತಿ ಇಸಿಸ್ ಎಲ್ಲ ತುಂಡುಗಳನ್ನೂ ಆರಿಸಿ ತಂದಳಂತೆ. ಒಂದು ಅಂಗ ಮಾತ್ರ ಸಿಗಲಿಲ್ಲ. ಅದನ್ನು ಮೀನುಗಳು ತಿಂದಿದ್ದವು. ಆ ಮೀನುಗಳಲ್ಲಿ ಇದೂ ಒಂದು. ಪಕ್ಕದ ನಾಯಿದೇವರ ಊರಿನವರು ಈ ಮೀನು ತಿಂದರು ಎಂದು ಇವರು ಅವರ ನಾಯಿಗಳನ್ನು ಹಿಡಿದು ಕಡಿದು ತಿಂದರು ಎಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಎರಡೂ ಊರಿಗೆ ಬಡಿದಾಟವಾಗಿ ಕೊನೆಗೆ ರೋಮನ್ನರು ಬಂದು ಇಬ್ಬರನ್ನೂ ದಂಡಿಸಿದರಂತೆ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಜಗಳವಾದ ಊರುಗಳನ್ನು ನೋಡಿದವರಿಗೆ ಇದೇನೂ ಹೊಸದಲ್ಲ.

ನೋಡುವುದಕ್ಕೆ ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಪಿರಮಿಡ್ ಇಲ್ಲ, ಚಿನ್ನದ ಮುಖವಾಡ ಇಲ್ಲ. ಕಲ್ಲುಗಳನ್ನು ಮುಂದಿನವರು ಕಿತ್ತು ಮನೆ ಕಟ್ಟಿಕೊಂಡಿದ್ದರು, ಸುಣ್ಣಕ್ಕೆ ಸುಟ್ಟಿದ್ದರು. 1896ರ ಕೊನೆಯಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿಗೆ ಬಂದರು. ಆ ಕಾಲದ ದೊಡ್ಡ ಪುರಾತತ್ವಜ್ಞ. ಸ್ವಲ್ಪ ನೋಡಿದರು, ತಮಗೆ ಇಲ್ಲಿ ಕೆಲಸವಿಲ್ಲ ಎನ್ನಿಸಿತು, ಜಾಗವನ್ನು ಇಬ್ಬರು ಹುಡುಗರಿಗೆ ಬಿಟ್ಟು ಹೊರಟರು. ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜಿನ ಗೆಳೆಯರು ಅವರು. ಬರ್ನಾರ್ಡ್ ಗ್ರೆನ್‌ಫೆಲ್‌ಗೆ 27, ಆರ್ಥರ್ ಹಂಟ್‌ಗೆ 25. ದುಡ್ಡು ಕೊಟ್ಟದ್ದು ಲಂಡನ್ನಿನಲ್ಲಿ 1882ರಲ್ಲಿ ಶುರುವಾದ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಫಂಡ್. ಇವರಿಬ್ಬರಿಗೆ ಬೇಕಾದದ್ದು ಮೂರ್ತಿಯಲ್ಲ, ಮಮ್ಮಿಯಲ್ಲ, ಬರಹ.

ಮೊದಲು ಸ್ಮಶಾನ ಅಗೆದರು. ಮೂರು ವಾರ ಹೋಯಿತು. ಹೆಚ್ಚೇನೂ ಸಿಗಲಿಲ್ಲ. ಆಮೇಲೆ ಊರ ಹೊರಗಿನ ದಿಬ್ಬಗಳ ಕಡೆ ತಿರುಗಿದರು. ದಿಬ್ಬ ಅಂದರೆ ಬೇರೇನೂ ಅಲ್ಲ, ತಿಪ್ಪೆ. ನೂರಾರು ವರ್ಷ ಊರಿನವರು ಕಸ ತಂದು ಸುರಿದು ಸುರಿದು ಬೆಳೆದ ತಿಪ್ಪೆ. ಕೆಲವು ಒಂಬತ್ತು ಮೀಟರ್ ಎತ್ತರಕ್ಕೂ ಮೀರಿದ್ದವು.

ಈ ತಿಪ್ಪೆ ಎಂಬ ಪದ ಇಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಇಂಗ್ಲಿಷಿನಲ್ಲಿ ಇದನ್ನು ಓದುವಾಗ ಬರೀ ಕಸ ಅನ್ನಿಸುತ್ತದೆ. ನಮಗೆ ತಿಪ್ಪೆ ಎಂದರೆ ಬರೀ ಕಸ ಅಲ್ಲ, ನಾಳೆ ಹೊಲಕ್ಕೆ ಹೋಗುವ ಗೊಬ್ಬರವೂ ಹೌದು. ಈಜಿಪ್ಟಿನ ರೈತರಿಗೂ ಹಾಗೇ. ಹಳೇ ಊರುಗಳ ಮಣ್ಣಿಗೆ ಅವರು ಸೆಬಾಖ್ ಎನ್ನುತ್ತಾರೆ. ಸಾರಜನಕ ತುಂಬಿದ ಮಣ್ಣು. ಅದನ್ನು ಅಗೆದು, ಕತ್ತೆ ಒಂಟೆಗಳ ಮೇಲೆ ಹೇರಿ ಹೊಲಕ್ಕೆ ಚೆಲ್ಲುತ್ತಿದ್ದರು. ಎಷ್ಟೋ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಬರೆಯುವ ಹಾಳೆ, ಮೊದಲು ಕಣ್ಣಿಗೆ ಬಿದ್ದದ್ದೇ ಈ ಗೊಬ್ಬರ ಅಗೆಯುವವರಿಗೆ. ಎಷ್ಟೋ ಪಪೈರಸ್ ಹೊಲದ ಪಾಲಾದದ್ದೂ ಹಾಗೇ. ಒಂದಷ್ಟು ಗ್ರೀಕ್ ಕಾವ್ಯ ಅಲ್ಲಿನ ಗೋಧಿಯಲ್ಲಿ ಸೇರಿಹೋಗಿದೆ.

1897ರ ಜನವರಿ 11ರಂದು ಒಂದು ತಗ್ಗಿನ ದಿಬ್ಬದಲ್ಲಿ ಗುದ್ದಲಿ ಬಿತ್ತು. ಮೊದಲ ಗಂಟೆಯಿಂದಲೇ ಬರಹದ ಚೂರುಗಳು ಬರತೊಡಗಿದವು. ಒಂದೆರಡು ದಿನದಲ್ಲಿ, ಸಂಜೆ ಚೂರುಗಳನ್ನು ವಿಂಗಡಿಸುತ್ತಾ ಕೂತಿದ್ದ ಹಂಟ್‌ಗೆ ಒಂದು ಸುಕ್ಕಾದ ಹಾಳೆಯಲ್ಲಿ ಒಂದು ಪದ ಕಂಡಿತು. ಕಾರ್ಫೊಸ್. ಗ್ರೀಕಿನಲ್ಲಿ ಕಸಕಡ್ಡಿ, ದೂಳಿನ ಕಣ. "ನಿನ್ನ ಸಹೋದರನ ಕಣ್ಣಲ್ಲಿರುವ ರವೆ ನಿನಗೆ ಕಾಣುತ್ತದೆ, ನಿನ್ನ ಕಣ್ಣಲ್ಲಿರುವ ತೊಲೆ ಕಾಣುವುದಿಲ್ಲ" ಎಂದು ಯೇಸು ಹೇಳುತ್ತಾನಲ್ಲ, ಆ ಪದ. ಸುವಾರ್ತೆಯ ಹಾಳೆ ಇರಬೇಕು ಎಂದುಕೊಂಡರು. ಓದಿ ನೋಡಿದರೆ ಸುವಾರ್ತೆಯ ಹಾಗೇ ಇದೆ, ಆದರೆ ಸುವಾರ್ತೆಯಲ್ಲ. "ಯೇಸು ಹೇಳುತ್ತಾನೆ" ಎಂದು ಶುರುವಾಗುವ ಮಾತುಗಳ ಪಟ್ಟಿ, ಕೆಲವು ಗೊತ್ತಿರುವುವು, ಕೆಲವು ಯಾರೂ ಕೇಳದವು. ಅದು ಏನೆಂದು ಇಬ್ಬರಿಗೂ ಸಾಯುವ ತನಕ ಖಚಿತವಾಗಲಿಲ್ಲ. 1945ರಲ್ಲಿ ಈಜಿಪ್ಟಿನದೇ ನಾಗ್ ಹಮ್ಮಾದಿಯಲ್ಲಿ ಮಡಕೆಯೊಳಗೆ ಕಾಪ್ಟಿಕ್ ಭಾಷೆಯ ಪುಸ್ತಕಗಳು ಸಿಕ್ಕವು. ಅದರಲ್ಲಿ ತೋಮನ ಸುವಾರ್ತೆ ಇತ್ತು. ಆಗ ಗೊತ್ತಾಯಿತು, ಹಂಟ್ ಕೈಯಲ್ಲಿ ಹಿಡಿದದ್ದು ಇದರ ಗ್ರೀಕ್ ಮೂಲದ ಒಂದು ಹಾಳೆ ಎಂದು.

ಒಂದು ಪದದ ಹೋಲಿಕೆ ಹಿಡಿದು ಹೊರಟರು. ಹೋಲಿಕೆ ಪೂರ್ತಿ ಸರಿಯೂ ಆಗಲಿಲ್ಲ, ಪೂರ್ತಿ ತಪ್ಪೂ ಆಗಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಅಗೆತದ ಲೆಕ್ಕ ನನಗೆ ತುಂಬ ಹಿಡಿಸಿತು. ತಿಪ್ಪೆಯೆಲ್ಲಾ ಒಂದೇ ಥರ ಅಲ್ಲ. ಮಣ್ಣಿಗೆ ಹುಲ್ಲು, ಕಡ್ಡಿ, ಪುರುಳೆ ಬೆರೆತ ಒಂದು ಪದರ ಇರುತ್ತದೆ. ಕೆಲಸಗಾರರು ಅದಕ್ಕೆ ಅಫ್ಶ್ ಎನ್ನುತ್ತಿದ್ದರು. ಪಪೈರಸ್ ಸಿಕ್ಕರೆ ಆ ಪದರದಲ್ಲೇ. ಅಫ್ಶ್ ತೀರಾ ಗಟ್ಟಿಯಾಗಿದ್ದರೂ ಕಷ್ಟ, ತೀರಾ ಸಡಿಲವಾಗಿ ಪುಡಿಯಾಗಿದ್ದರೂ ಕಷ್ಟ. ಬಹಳ ಆಳಕ್ಕೆ ಹೋದರೆ ನೆಲದ ತೇವ ಏರಿ ಎಲ್ಲ ಕೊಳೆತಿರುತ್ತದೆ. ಮಳೆ ಬಾರದ ಊರು, ನೈಲ್ ಪ್ರವಾಹ ಮುಟ್ಟದ ಎತ್ತರ, ಇವೆರಡೂ ಕೂಡಿದ್ದರಿಂದ ಮಧ್ಯದ ಪದರ ಉಳಿಯಿತು. ಜೊಂಡಿನ ತಿರುಳನ್ನು ಸೀಳಿ, ಅಡ್ಡ ಉದ್ದ ಇಟ್ಟು, ಒತ್ತಿ, ಒಣಗಿಸಿ ಮಾಡಿದ ಹಾಳೆ ಎರಡು ಸಾವಿರ ವರ್ಷ ತಡೆಯುತ್ತದೆ, ನೀರು ಸೋಕಬಾರದು ಅಷ್ಟೇ. ನಮ್ಮಲ್ಲಿ ತಾಳೆಗರಿಯನ್ನು ಗೆದ್ದಲಿನಿಂದ ಕಾಪಾಡಲು ನೂರಿನ್ನೂರು ವರ್ಷಕ್ಕೊಮ್ಮೆ ಮರುಬರೆಯಬೇಕಿತ್ತು. ಅವರು ಬಿಸಾಡಿದ್ದು ಹಾಗೇ ಇದೆ.

ಗಂಡಸರು ಅಗೆಯುವುದು, ಹುಡುಗರು ಬುಟ್ಟಿ ಹೊರುವುದು. ಮೊದಲ ವರ್ಷ ನೂರಕ್ಕೂ ಹೆಚ್ಚು ಜನ ಇದ್ದರು. ಕೂಲಿಯ ಮೇಲೆ, ಸಿಕ್ಕ ಚೂರಿಗೆ ತಕ್ಕಂತೆ ಬಕ್ಷೀಸು. ಇಲ್ಲದಿದ್ದರೆ ಒಳ್ಳೇ ಚೂರು ವ್ಯಾಪಾರಿಗಳ ಕೈಗೆ ಹೋಗುವ ಭಯ. ಮಾರ್ಚಿನಲ್ಲಿ ಒಂದು ದಿಬ್ಬದಲ್ಲಿ ಹೆಚ್ಚೂಕಡಿಮೆ ಪಪೈರಸ್ ಸುರುಳಿಗಳದ್ದೇ ಒಂದು ದಪ್ಪ ಪದರ ಸಿಕ್ಕಿತು. ಯಾವುದೋ ಸರ್ಕಾರಿ ಕಚೇರಿಯ ಹಳೇ ಕಡತಗಳನ್ನು ಬುಟ್ಟಿ ಸಮೇತ ತಂದು ಸುರಿದಿದ್ದರು. ಒಂದೇ ದಿನಕ್ಕೆ 36 ಬುಟ್ಟಿ ತುಂಬಿತು. ಊರಲ್ಲೆಲ್ಲಾ ಹುಡುಕಿದರೂ ಬುಟ್ಟಿ ಸಾಲದು. ಮರುದಿನದ ಕೆಲಸಕ್ಕೆ ಬುಟ್ಟಿ ಖಾಲಿ ಮಾಡಬೇಕಲ್ಲ. ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಕೂತ ಇಬ್ಬರೂ ಖಾಲಿ ಪೆಟ್ಟಿಗೆಗಳಿಗೆ ಸುರುಳಿ ತುಂಬುತ್ತಾ ಬೆಳಗಿನ ಜಾವ ಮೂರಕ್ಕೆ ಎದ್ದರು. ಮರುದಿನ ಇನ್ನೂ 25 ಬುಟ್ಟಿ. ಗ್ರೆನ್‌ಫೆಲ್ ಇದನ್ನು ಬರೆದಿರುವ ರೀತಿಯಲ್ಲಿ ಸುಸ್ತೂ ಇದೆ, ಸಡಗರವೂ ಇದೆ.

ಆ ಒಂದು ವರ್ಷ, ಆಮೇಲೆ 1903ರಿಂದ 1907ರ ತನಕ ಪ್ರತಿ ಚಳಿಗಾಲ. ನಡುವೆ ಫಯೂಮ್ ಕಡೆ ಹೋಗಿದ್ದರು. ಅಲ್ಲಿನ ತೆಬ್ತುನಿಸ್‌ನಲ್ಲಿ ಮಮ್ಮಿ ಸಿಗುತ್ತದೆಂದು ಅಗೆದರೆ ಸಾಲು ಸಾಲು ಮೊಸಳೆ. ರೇಗಿದ ಒಬ್ಬ ಕೆಲಸಗಾರ ಒಂದು ಮೊಸಳೆಯನ್ನು ಒಡೆದು ಹಾಕಿದ. ನೋಡಿದರೆ ಅದಕ್ಕೆ ಸುತ್ತಿದ್ದದ್ದು ಪಪೈರಸ್! ಒಬ್ಬ ಕೂಲಿಯವನ ಸಿಟ್ಟಿನಿಂದ ಒಂದು ಇಡೀ ಸಂಗ್ರಹ ಹುಟ್ಟಿತು. ಅವನ ಹೆಸರು ಆ ಸಂಪುಟದ ಮುಖಪುಟದಲ್ಲಿ ಇಲ್ಲ.

ಆಕ್ಸಿರಿಂಕಸ್‌ನಿಂದ ಬಂದದ್ದು ಒಟ್ಟು ಸುಮಾರು 5 ಲಕ್ಷ ಚೂರು. ಬಿಸ್ಕತ್ತಿನ ಡಬ್ಬಗಳಲ್ಲಿ, ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಆಕ್ಸ್‌ಫರ್ಡಿಗೆ ಸಾಗಿಸಿದರು. ಕೈರೋ ಮ್ಯೂಸಿಯಂ ಒಂದು ಪಾಲು ಇಟ್ಟುಕೊಂಡಿತು. ಮೊದಲ ಸಂಪುಟ 1898ರಲ್ಲೇ ಬಂತು. ಆಮೇಲೆ ಗ್ರೆನ್‌ಫೆಲ್‌ಗೆ ಮನಸ್ಸಿನ ಕಾಯಿಲೆ ಬಂತು. ವರ್ಷಗಟ್ಟಲೆ ಕೆಲಸ ಬಿಟ್ಟು ಇರಬೇಕಾಯಿತು. 1926ರಲ್ಲಿ ತೀರಿಕೊಂಡರು. ಹಂಟ್ ಒಬ್ಬರೇ ಓದುತ್ತಾ ಹೋದರು, 1934ರಲ್ಲಿ ತಾವೂ ಹೋಗುವ ತನಕ. ಈಗ 80ಕ್ಕೂ ಹೆಚ್ಚು ಸಂಪುಟ ಆಗಿವೆ, 5,000ಕ್ಕೂ ಹೆಚ್ಚು ಬರಹ ಅಚ್ಚಾಗಿವೆ. ನೂರಕ್ಕೆ ಒಂದು ಅಂದುಕೊಳ್ಳಿ.

ಪಂಡಿತರು ಕಾದಿದ್ದದ್ದು ಕಳೆದುಹೋದ ಕಾವ್ಯಕ್ಕೆ. ಅದೂ ಬಂತು. ಸಾಫೊಳ ಸಾಲುಗಳು, ಪಿಂಡಾರನ ಸ್ತೋತ್ರಗಳು, ಹೆಸರು ಮಾತ್ರ ಉಳಿದಿದ್ದ ಸೊಫೊಕ್ಲಿಸ್‌ನ ಒಂದು ಹಾಸ್ಯದ ನಾಟಕ, ಯೂಕ್ಲಿಡ್‌ನ ಚಿತ್ರ ಇರುವ ಒಂದು ಚೂರು. ಅದನ್ನೆಲ್ಲಾ ಹೊಗಳುವ ಅರ್ಹತೆ ನನಗಿಲ್ಲ, ಗ್ರೀಕ್ ಬರುವುದಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಉಳಿದ ಹತ್ತರಲ್ಲಿ ಒಂಬತ್ತು ಪಾಲು. ಕಾಗದ ಪತ್ರ, ಕರಾರು, ತಕರಾರು, ತೆರಿಗೆ ರಸೀದಿ, ಊಟದ ಕರೆಯೋಲೆ.

ಥಿಯೋನ್ ಎಂಬ ಹುಡುಗ ಥಿಯೋನ್ ಎಂಬ ಅಪ್ಪನಿಗೆ ಬರೆದದ್ದಿದೆ. ತಪ್ಪು ಕಾಗುಣಿತದ ಗ್ರೀಕಂತೆ. ಅಪ್ಪ ಇವನನ್ನು ಬಿಟ್ಟು ಪೇಟೆಗೆ ಹೋಗಿದ್ದಾನೆ. "ಬಹಳ ಒಳ್ಳೇ ಕೆಲಸ ಮಾಡಿದೆ, ನನ್ನ ಕರ್ಕೊಂಡು ಹೋಗದೆ. ಅಲೆಕ್ಸಾಂಡ್ರಿಯಾಕ್ಕೂ ಕರ್ಕೊಂಡು ಹೋಗದಿದ್ದರೆ ನಿನಗೆ ಕಾಗದ ಬರೆಯೋದಿಲ್ಲ, ಮಾತಾಡೋದಿಲ್ಲ, ಕೈ ಹಿಡಿಯೋದಿಲ್ಲ. ಒಂದು ಲೈರ್ ಕಳಿಸು. ಕಳಿಸದಿದ್ದರೆ ಊಟ ಮಾಡೋಲ್ಲ, ನೀರು ಕುಡಿಯೋಲ್ಲ. ನೋಡ್ಕೋ!" ಲೈರ್ ಎಂದರೆ ತಂತಿವಾದ್ಯ. ನಡುವೆ ಒಂದು ಸಾಲು ಇನ್ನೂ ಚೆನ್ನಾಗಿದೆ. ಅಮ್ಮ ಯಾರಿಗೋ ಹೇಳಿದಳಂತೆ, "ಇವನು ನನ್ನ ತಲೆ ತಿಂತಾನೆ, ಕರ್ಕೊಂಡು ಹೋಗಿ" ಎಂದು. ಅದನ್ನೂ ಹುಡುಗ ಅಪ್ಪನಿಗೆ ವರದಿ ಮಾಡಿದ್ದಾನೆ.

ಐರೀನೆ ಎಂಬಾಕೆ ಮಗುವನ್ನೋ ಮನೆಯವರನ್ನೋ ಕಳೆದುಕೊಂಡ ದಂಪತಿಗೆ ಬರೆದದ್ದಿದೆ. ದಿದಿಮಾಸ್‌ಗಾಗಿ ಅತ್ತ ಹಾಗೇ ಇವನಿಗೂ ಅತ್ತೆ, ಮಾಡಬೇಕಾದ್ದನ್ನೆಲ್ಲಾ ನಾನೂ ಮಾಡಿದೆ, ನಮ್ಮ ಮನೆಯವರೂ ಮಾಡಿದರು, ಎಂದು ಒಬ್ಬೊಬ್ಬರ ಹೆಸರೂ ಬರೆಯುತ್ತಾಳೆ. ಆಮೇಲೆ, "ಆದರೂ ಇಂಥದ್ದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ನೀವೇ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳಿ." ಅಷ್ಟೇ ಕಾಗದ. ಸಾವಿನ ಮನೆಗೆ ಹೋದವರು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ಹೇಳುವ ಮಾತು ಇದೇ ಅಲ್ವಾ.

ಹೆಚ್ಚಿನ ಕಾಗದಗಳು ಶುರುವಾಗುವುದು ಒಂದೇ ಥರ. ಎಲ್ಲಕ್ಕಿಂತ ಮೊದಲು ನಿಮ್ಮ ಆರೋಗ್ಯಕ್ಕೆ ಪ್ರಾರ್ಥಿಸುತ್ತೇನೆ, ನಾನೂ ಆರೋಗ್ಯವಾಗಿದ್ದೇನೆ. ನಮ್ಮಪ್ಪನ ಇನ್‌ಲ್ಯಾಂಡ್ ಲೆಟರುಗಳು "ಕ್ಷೇಮ, ಉಭಯ ಕುಶಲೋಪರಿ ಸಾಂಪ್ರತ" ಎಂದು ಶುರುವಾಗುತ್ತಿದ್ದವು. ಓದುವಾಗ ಆ ಸಾಲನ್ನು ಕಣ್ಣು ಹಾರಿಸಿಯೇ ಬಿಡುತ್ತಿತ್ತು. ಊರಿನ ಮನೆ ಖಾಲಿ ಮಾಡುವಾಗ ಎರಡು ಟ್ರಂಕು ಕಾಗದ ರದ್ದಿಯವನಿಗೆ ಹಾಕಿದೆವು. ಕೆಜಿಗೆ ಎಷ್ಟು ಕೊಟ್ಟ ಎಂಬುದೂ ನೆನಪಿಲ್ಲ.

ನಗು ಬರಿಸದ ಕಾಗದಗಳೂ ಇವೆ. ಕ್ರಿಸ್ತಪೂರ್ವ 1ನೇ ವರ್ಷ, ಜೂನ್ ತಿಂಗಳು. ಅಲೆಕ್ಸಾಂಡ್ರಿಯಾದಲ್ಲಿ ದುಡಿಯಲು ಹೋದ ಹಿಲಾರಿಯೋನ್ ಊರಲ್ಲಿರುವ ಹೆಂಡತಿ ಆಲಿಸ್‌ಗೆ ಬರೆಯುತ್ತಾನೆ. ಗಾಬರಿ ಆಗಬೇಡ, ಉಳಿದವರು ವಾಪಸ್ ಬಂದರೂ ನಾನು ಇಲ್ಲೇ ಇರುತ್ತೇನೆ. ಮಗುವನ್ನು ಚೆನ್ನಾಗಿ ನೋಡಿಕೋ. ಸಂಬಳ ಬಂದ ಕೂಡಲೇ ಕಳಿಸುತ್ತೇನೆ. ಹೆರಿಗೆಯಾದರೆ, ಗಂಡಾದರೆ ಇರಲಿ, ಹೆಣ್ಣಾದರೆ ಹೊರಗೆ ಹಾಕು. ಮುಂದಿನ ಸಾಲು: "ನನ್ನ ಮರೀಬೇಡ ಎಂದು ಹೇಳಿ ಕಳಿಸಿದ್ದೀಯಲ್ಲ. ನಿನ್ನನ್ನು ಹೇಗೆ ಮರೆಯಲಿ?" ಒಂದೇ ಉಸಿರಿಗೆ ಎರಡೂ. ನಾನು ಮೊದಲ ಸಲ ಓದಿದಾಗ ಅನುವಾದದಲ್ಲಿ ಏನೋ ತಪ್ಪಿದೆ ಎಂದುಕೊಂಡೆ. ಇರಲಿಲ್ಲ. ಆ ಮನುಷ್ಯನನ್ನು ರಾಕ್ಷಸ ಎಂದು ಬೈದು ಮುಗಿಸಬಹುದಿತ್ತು. ಸ್ಕ್ಯಾನಿಂಗ್ ಸೆಂಟರಿನ ಗೋಡೆಗೆ ಇವತ್ತಿಗೂ ಎಚ್ಚರಿಕೆಯ ಬೋರ್ಡು ತೂಗುಹಾಕಬೇಕಾದ ದೇಶದಲ್ಲಿ ಕೂತು ಬೈಯಲು ಬಾಯಿ ಬರಲಿಲ್ಲ.

ಹೊರಗೆ ಹಾಕು ಎಂದರೆ ಎಲ್ಲಿಗೆ? ಇದಕ್ಕೆ ಉತ್ತರ ಇನ್ನೊಂದು ಪಪೈರಸ್‌ನಲ್ಲಿದೆ. ಕ್ರಿಸ್ತಶಕ 49ರ ಒಂದು ನ್ಯಾಯದ ದಾಖಲೆ. ಪೆಸೂರಿಸ್ ಎಂಬವನು ಒಂದು ಗಂಡು ಕೂಸನ್ನು ತಿಪ್ಪೆಯಿಂದ ಎತ್ತಿಕೊಂಡು ಬಂದ. ಹಾಗೆ ಎತ್ತಿಕೊಂಡವರು ಕೂಸನ್ನು ಗುಲಾಮನನ್ನಾಗಿ ಬೆಳೆಸಬಹುದಿತ್ತು. ಹೆರಾಕ್ಲಾಸ್ ಎಂದು ಹೆಸರಿಟ್ಟು, ಹಾಲೂಡಿಸಲು ಸಂಬಳ ಮಾತಾಡಿ ಸರಾಯೂಸ್ ಎಂಬಾಕೆಗೆ ಕೊಟ್ಟ. ಆಕೆಗೂ ಕೈಗೂಸು ಇತ್ತು. ಸ್ವಲ್ಪ ದಿನದಲ್ಲಿ ಎರಡರಲ್ಲಿ ಒಂದು ಕೂಸು ಸತ್ತಿತು. ಸತ್ತದ್ದು ನಿಮ್ಮದು, ಉಳಿದದ್ದು ನನ್ನದು ಎಂದಳು ಅವಳು. ಕೂಸಿಗೆ ಹಾಲು ಕೊಡದೆ ಸೊರಗಿಸಿದ್ದಳು, ಅದಕ್ಕೇ ನಾನು ವಾಪಸ್ ತಂದೆ, ಅವಳು ಮನೆಗೆ ನುಗ್ಗಿ ಎತ್ತಿಕೊಂಡು ಹೋದಳು ಎಂದ ಅವನು. ಇಬ್ಬರಿಗೂ ವಕೀಲರು. ಜಿಲ್ಲೆಯ ಅಧಿಕಾರಿಯ ಮುಂದೆ ವಾದ ನಡೆಯಿತು. ಅವನು ಕೂಸನ್ನು ನೋಡಿದ, ಅವಳನ್ನು ನೋಡಿದ. ಮುಖ ನೋಡಿದರೆ ಇದು ಸರಾಯೂಸ್‌ಳದೇ ಎಂದು ಕಾಣುತ್ತದೆ. ತಿಪ್ಪೆಯ ಕೂಸು ಸತ್ತಿತೆಂದು ಗಂಡ ಹೆಂಡತಿ ಬರೆದುಕೊಡಲಿ, ತೆಗೆದುಕೊಂಡ ದುಡ್ಡು ವಾಪಸ್ ಕೊಡಲಿ, ಮಗು ಅವಳ ಹತ್ತಿರವೇ ಇರಲಿ. ಹೀಗೆ ತೀರ್ಪು.

ಅವಳ ಗಂಡನ ಹೆಸರು ಟ್ರೈಫೋನ್. ನೇಕಾರ. ಇವನ ಮನೆಯ ಕಾಗದಗಳ ಒಂದು ಕಟ್ಟೇ ಸಿಕ್ಕಿದೆ. ಮೊದಲ ಹೆಂಡತಿ ಬಿಟ್ಟು ಹೋದದ್ದು, ಅದರ ತಕರಾರು. ಕಣ್ಣಿಗೆ ಪೊರೆ ಬಂದಿದೆ ಎಂದು 52ರಲ್ಲಿ ಸರ್ಕಾರಿ ಸೇವೆಯಿಂದ ಬಿಡುಗಡೆ ಸಿಕ್ಕಿದ್ದು. ಎರಡು ವರ್ಷದ ಮೇಲೆ ಒಂದು ಮಗ್ಗ ಕೊಂಡದ್ದು. ಕಣ್ಣು ಮಂಜಾದವನು ಮಗ್ಗ ಯಾಕೆ ಕೊಂಡ? ಬಿಡುಗಡೆಗೆ ಹೇಳಿದ ನೆಪವೋ, ಬೇರೆಯವರಿಂದ ನೇಯಿಸಲಿಕ್ಕೋ. 66ರಲ್ಲಿ ಮಗ ಥೂನಿಸ್‌ನನ್ನು ಇನ್ನೊಬ್ಬ ನೇಕಾರನ ಹತ್ತಿರ ಕೆಲಸ ಕಲಿಯಲು ಬಿಟ್ಟದ್ದು. ಮಗುವಿನ ತೀರ್ಪು ಬಂದ ಮೇಲೂ ಎದುರಾಳಿಗಳು ಸುಮ್ಮನಿರಲಿಲ್ಲ. ಕೆಲಸ ಮಾಡಲು ಬಿಡುತ್ತಿಲ್ಲ ಎಂದು ಅವನು ಮೇಲಿನ ಪ್ರಾಂತಾಧಿಕಾರಿಗೂ ಅರ್ಜಿ ಕೊಟ್ಟ.

ಆ ಊರಿನ ತೆರಿಗೆ ಪಟ್ಟಿಗಳಲ್ಲಿ ಕೊಪ್ರೇಸ್, ಕೊಪ್ರಿಯಾ ಎಂಬ ಹೆಸರುಗಳು ಬರುತ್ತವೆ. ಗ್ರೀಕಿನ ಕೊಪ್ರಿಯಾ ಎಂದರೆ ತಿಪ್ಪೆ. ಅಂದರೆ ತಿಪ್ಪಣ್ಣ, ತಿಪ್ಪಮ್ಮ. ತಿಪ್ಪೆಯಲ್ಲಿ ಸಿಕ್ಕ ಮಕ್ಕಳಿಗೆ ಇಟ್ಟ ಹೆಸರು ಎನ್ನುತ್ತಾರೆ ಕೆಲವರು. ಕೆಟ್ಟ ಕಣ್ಣು ತಾಗದಿರಲಿ ಎಂದು ಇಟ್ಟದ್ದೂ ಇರಬಹುದು ಎನ್ನುತ್ತಾರೆ ಇನ್ನು ಕೆಲವರು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎಂದೋ ಗುಂಡ ಎಂದೋ ಕರೆಯುವುದನ್ನು ಕೇಳಿ ಬೆಳೆದ ನನಗೆ ಎರಡನೆಯದು ಸರಿ ಅನ್ನಿಸಿತು. ಅನ್ನಿಸಿದ ಕೂಡಲೇ ಕೈ ತಡೆದೆ. ನಾನೂ ಮುಖ ನೋಡಿ ತೀರ್ಪು ಕೊಡುತ್ತಿದ್ದೇನಲ್ಲ!

ಇಷ್ಟಾದ ಮೇಲೆ ಮೇಷ್ಟ್ರ ನಾಟಕಕ್ಕೆ ಬಂದೆ. ಪಪೈರಸ್ ಸಂಖ್ಯೆ 413. 1903ರ ಮೂರನೇ ಸಂಪುಟದಲ್ಲಿ ಅಚ್ಚಾಯಿತು. ನಾನು ಏನೋ ಗಂಭೀರವಾದ ನಾಟಕ ಎಂದುಕೊಂಡಿದ್ದೆ. ಅದು ಬೀದಿ ಪ್ರಹಸನ. ಕಾರಿಟಿಯೋನ್ ಎಂಬ ಗ್ರೀಕ್ ಹುಡುಗಿ ಹಿಂದೂ ಮಹಾಸಾಗರದ ಕರಾವಳಿಯ ಒಬ್ಬ ರಾಜನ ಕೈಗೆ ಸಿಕ್ಕಿ ಚಂದ್ರದೇವಿಯ ಗುಡಿಯಲ್ಲಿ ಸೆರೆಯಲ್ಲಿದ್ದಾಳೆ. ಬಲಿ ಕೊಡುವ ಯೋಚನೆ ನಡೆದಿದೆ. ಅಣ್ಣ ಹಡಗಿನಲ್ಲಿ ಬಂದು, ರಾಜನಿಗೂ ಅವನ ಜನಕ್ಕೂ ನೀರು ಬೆರೆಸದ ವೈನ್ ಕುಡಿಸಿ, ಮತ್ತೇರಿಸಿ, ತಂಗಿಯನ್ನು ಕರೆದೊಯ್ಯುತ್ತಾನೆ. ಜೊತೆಗೊಬ್ಬ ವಿದೂಷಕ. ಅವನ ಆಯುಧ ಹೂಸು. ತಮಾಷೆಯಲ್ಲ, ಹಸ್ತಪ್ರತಿಯಲ್ಲೇ ಅಲ್ಲಲ್ಲಿ ಅದರ ಸೂಚನೆ ಇದೆ, ತಮಟೆ ಬಡಿಯುವ ಸೂಚನೆಯ ಜೊತೆಗೆ. ಮೇಷ್ಟ್ರು ಈ ಭಾಗವನ್ನು ನಮಗೆ ಹೇಳಿರಲಿಲ್ಲ. ಹೇಳಿದ್ದರೆ ಇಡೀ ಕ್ಲಾಸಿಗೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ರಾಜ ಮತ್ತು ಅವನ ಕಡೆಯವರು ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ಅದನ್ನು ಗ್ರೀಕ್ ಅಕ್ಷರದಲ್ಲಿ ಬರೆದಿದೆ. 1904ರಲ್ಲಿ ಜರ್ಮನಿಯ ಇ. ಹುಲ್ಟ್ಜ್ ಇದು ಕನ್ನಡ ಎಂದರು. ಸಾಮಾನ್ಯರಲ್ಲ, ಮದ್ರಾಸಿನಲ್ಲಿ ಸರ್ಕಾರಿ ಶಾಸನತಜ್ಞರಾಗಿ ದಕ್ಷಿಣ ಭಾರತದ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಒಪ್ಪಿದರು. ಅರ್ಥಶಾಸ್ತ್ರದ ತಾಳೆಗರಿ ಗುರುತಿಸಿದ ಅದೇ ಶಾಮಶಾಸ್ತ್ರಿಗಳು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬೆನ್ನು ಹತ್ತಿದರು. ಬಿ.ಎ. ಸಾಲೆತ್ತೂರರು ತುಳುನಾಡಿನ ಕರಾವಳಿಗೆ, ಮಲ್ಪೆಯ ಕಡೆಗೆ ಕೈ ತೋರಿದರು. ಆಮೇಲೆ ಅದು ಕನ್ನಡವಲ್ಲ, ತುಳು ಎನ್ನುವವರೂ ಬಂದರು.

ಪದಗಳನ್ನೇ ನೋಡೋಣ. ಪಪೈರಸ್‌ನಲ್ಲಿರುವುದು ಸುಮಾರಾಗಿ ಹೀಗೆ: "ಬೇರೆ ಕೊಂಜೈ ದಮುನ್ ಪೆತ್ರೆಕಿಯೋ". ಹುಲ್ಟ್ಜ್ ಓದಿದ್ದು: "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ". ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಕುಡಿಯುವ ದೃಶ್ಯ ಬೇರೆ! ಎರಡನೇ ಸಲ ಓದಿದಾಗ "ದಮು" ಹೇಗೆ "ಮಧು" ಆಯಿತು ಎಂದು ಅನುಮಾನ ಬಂತು. ಇನ್ನೊಂದು ಸಾಲು ಇದೆ: "ಪಾನೂಂಬ್ರೇತಿಕತೆಮಾನೂಅಂಬ್ರೇತೂಊಎನಿ". ಅದು "ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು" ಅಂತೆ. ಆ ಕಾಲದ ಗ್ರೀಕ್ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಎಲ್ಲಿ ಕತ್ತರಿಸಬೇಕು ಎನ್ನುವುದು ಓದುವವನ ಕೈಯಲ್ಲಿದೆ. ಕನ್ನಡದ ಕತ್ತರಿ ಹಿಡಿದರೆ ಕನ್ನಡ ಉದುರುತ್ತದೆ.

1926ರಲ್ಲಿ ಎಲ್.ಡಿ. ಬಾರ್ನೆಟ್ ಇದನ್ನು ಒಪ್ಪಲಿಲ್ಲ. ಬ್ರಿಟಿಷ್ ಮ್ಯೂಸಿಯಂನವರು. ಅಲ್ಲಿನ ಕನ್ನಡ ಪುಸ್ತಕಗಳ ಪಟ್ಟಿ ಮಾಡಿದವರೇ ಅವರು, ಹಾಗಾಗಿ ಕನ್ನಡ ಗೊತ್ತಿಲ್ಲದೆ ಆಡಿದ ಮಾತು ಎನ್ನುವ ಹಾಗಿಲ್ಲ. ನನ್ನನ್ನು ಕಾಡಿದ್ದು ಇನ್ನೂ ಸರಳವಾದ ಸಂಗತಿ. ಸುಮಾರು 450ರ ಹಲ್ಮಿಡಿ ಶಾಸನವನ್ನು ನಾನು ಟಿಪ್ಪಣಿ ಇಲ್ಲದೆ ಓದಲಾರೆ. ಅದಕ್ಕಿಂತ ಹಿಂದಿನ ಈ ಪಪೈರಸ್‌ನಲ್ಲಿ ನಮ್ಮ ಅಡುಗೆಮನೆಯ "ಕೊಂಚ ಪಾತ್ರಕ್ಕೆ ಹಾಕಿ" ಹೇಗೆ ಬಂತು? ಪಾಲು ಹಾಲಾದದ್ದು, ಪೂವು ಹೂವಾದದ್ದು ಎಷ್ಟೋ ಶತಮಾನ ಆದ ಮೇಲೆ. ಆಗ "ಹಾಕಿ" ಎನ್ನುವ ಬಾಯಿ ಇತ್ತೇ?

ಗ್ರೀಕರು ನಮ್ಮ ಕರಾವಳಿಗೆ ಬಂದದ್ದು ಸುಳ್ಳಲ್ಲ. ಮುಂಗಾರಿನ ಗಾಳಿ ಹಿಡಿದು ಮೆಣಸಿಗಾಗಿ ಬರುತ್ತಿದ್ದರು. ಕೆಂಪು ಸಮುದ್ರದ ಬೆರೆನಿಕೆ ಬಂದರಿನಲ್ಲಿ ತಮಿಳು ಬ್ರಾಹ್ಮಿ ಬರೆದ ಮಡಕೆ ಚೂರು ಸಿಕ್ಕಿದೆ. ನಾವಿಕರ ಬಾಯಲ್ಲಿ ನಾಲ್ಕು ಪದ ಆ ತಿಪ್ಪೆಯ ಊರಿನ ತನಕ ಹೋಗಿರಬಹುದು. ವೇದಿಕೆ ಮೇಲೆ ಪರದೇಶಿಯನ್ನು ತರುವಾಗ ಬಾಯಿಗೆ ಬಂದದ್ದನ್ನು ಒದರಿಸಿ ನಗಿಸುವುದೂ ಹಳೇ ರೂಢಿಯೇ. ನಮ್ಮ ಸಿನಿಮಾಗಳಲ್ಲಿ ಕಾಡುಜನರ ಭಾಷೆ ಹೇಗಿರುತ್ತಿತ್ತು ನೆನಪಿಸಿಕೊಳ್ಳಿ. ನನಗೆ ಈ ಎರಡನೆಯದೇ ಸರಿ ಎನ್ನಿಸುತ್ತದೆ. ಬೇಜಾರಿನಿಂದಲೇ ಹೇಳುತ್ತಿದ್ದೇನೆ.

ಹೋದ ವರ್ಷ ಒಂದು ಮದುವೆಯಲ್ಲಿ ಮೇಷ್ಟ್ರು ಸಿಕ್ಕಿದ್ದರು. ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತೆ. ಪಾಯಸ ಬರುವ ಹೊತ್ತಿಗೆ ಬಾರ್ನೆಟ್, ಹಲ್ಮಿಡಿ, ಹಕಾರ ಎಲ್ಲಾ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅಲ್ಲ ಅಂತ ಯಾರಾದ್ರೂ ಸಾಬೀತು ಮಾಡಿದಾರೇನಪ್ಪಾ?" ಎಂದರು.

"ಹೌದು ಅಂತಲೂ ಮಾಡಿಲ್ಲ ಸಾರ್."

"ಹಂಗಾದ್ರೆ ಮಗು ನಮ್ಮನೇಲೇ ಇರ್ಲಿ ಬಿಡು."

ಸರಾಯೂಸ್‌ಳ ಕಥೆ ನಾನು ಅವರಿಗೆ ಹೇಳಿರಲಿಲ್ಲ. ಎಲೆಯಲ್ಲಿದ್ದ ಪಾಯಸ ಅಲ್ಲೇ ನಿಂತಿತು.

ಅಗೆತ ಇನ್ನೂ ಮುಗಿದಿಲ್ಲ. ಒಂದು ದಿಬ್ಬದ ಮೇಲೆ ಸಂತರೊಬ್ಬರ ಗೋರಿ ಇದ್ದುದರಿಂದ ಇಂಗ್ಲಿಷರು ಅದನ್ನು ಮುಟ್ಟಿರಲಿಲ್ಲ. 1910ರಿಂದ ಇಟಲಿಯವರು ಬಂದರು, 1930ರ ದಶಕದಲ್ಲಿ ಅವರಿಗೆ ಆ ದಿಬ್ಬವೂ ಸಿಕ್ಕಿತು. 1922ರಲ್ಲಿ ಪೆಟ್ರಿ ಮತ್ತೆ ಬಂದು ಸಾವಿರಾರು ಜನ ಕೂರುವ ಬಯಲು ರಂಗಮಂದಿರದ ಗುರುತು ಹಿಡಿದರು. ಕಾರಿಟಿಯೋನ್ ಪ್ರಹಸನ ಅಲ್ಲೇ ಆಡಿದರೋ ಏನೋ. 1992ರಿಂದ ಬಾರ್ಸಿಲೋನಾದ ತಂಡ ಅಗೆಯುತ್ತಿದೆ. ಬಾಯಲ್ಲಿ ಚಿನ್ನದ ನಾಲಿಗೆ ಇಟ್ಟ ಮಮ್ಮಿಗಳು ಸಿಕ್ಕಿವೆ, ಸತ್ತ ಮೇಲೆ ಒಸಿರಿಸ್‌ನ ಮುಂದೆ ಮಾತಾಡಲಿಕ್ಕೆ. ಪೇಪರಿನಲ್ಲಿ ಬರುವುದು ಇದೇ. ಆಕ್ಸ್‌ಫರ್ಡಿನ ಡಬ್ಬಗಳಿಗೆ ಬೇರೆ ಗೋಳು. 2019ರಲ್ಲಿ ಆ ಸಂಗ್ರಹದ 13 ಚೂರುಗಳು ಅಮೆರಿಕದ ಒಂದು ಮ್ಯೂಸಿಯಂನಲ್ಲಿ ಪತ್ತೆಯಾದವು. ಯಾರೋ ಒಳಗಿನಿಂದ ತೆಗೆದು ಮಾರಿದ್ದರು. ಎರಡು ಸಾವಿರ ವರ್ಷ ತಿಪ್ಪೆಯಲ್ಲಿ ಬಿದ್ದಿದ್ದಾಗ ಕಳ್ಳರ ಕಾಟ ಇರಲಿಲ್ಲ.

ಕಪ್ಪಾದ ಚೂರುಗಳನ್ನು ಈಗ ಅತಿಗೆಂಪು ಬೆಳಕಿನಲ್ಲಿ ಫೋಟೋ ತೆಗೆಯುತ್ತಾರೆ. ಮಸಿ ಇಂಗಾಲದ್ದಾದ್ದರಿಂದ ಬರಹ ಎದ್ದು ಕಾಣುತ್ತದೆ. 2011ರಲ್ಲಿ ಆ ಫೋಟೋಗಳಲ್ಲಿ ಸಾವಿರಾರನ್ನು ಇಂಟರ್ನೆಟ್ಟಿಗೆ ಹಾಕಿ, ಯಾರು ಬೇಕಾದರೂ ಓದಲು ಸಹಾಯ ಮಾಡಿ ಎಂದರು. ಗ್ರೀಕ್ ಬರಬೇಕಾಗಿರಲಿಲ್ಲ. ಮೇಲೆ ಚೂರಿನ ಚಿತ್ರ, ಕೆಳಗೆ ಗ್ರೀಕ್ ಅಕ್ಷರಗಳ ಸಾಲು. ಚೂರಿನಲ್ಲಿ ಕಂಡ ಅಕ್ಷರದ ಮೇಲೆ ಒತ್ತಿ, ಅದು ಕೆಳಗಿನ ಯಾವ ಅಕ್ಷರದ ಹಾಗಿದೆಯೋ ಅದನ್ನು ಒತ್ತಬೇಕಿತ್ತು. ಒಂದೇ ಚೂರನ್ನು ಹಲವರು ನೋಡಿದ ಮೇಲೆ ಹೆಚ್ಚು ಜನಕ್ಕೆ ಏನು ಕಂಡಿತು ಎಂದು ಲೆಕ್ಕ ಹಾಕುತ್ತಿದ್ದರು.

ನಾನೂ ಕೂತೆ. ನನಗೆ ಬಂದದ್ದು ಹೆಬ್ಬೆಟ್ಟಿನಷ್ಟು ಚೂರು. ಮೂರು ಸಾಲು, ಏಳೆಂಟು ಅಕ್ಷರ. ಒಂದು ಅಕ್ಷರ ಅರ್ಧಚಂದ್ರದ ಹಾಗೆ ಇತ್ತು. ಅಂಥದ್ದು ಆ ಬರಹದಲ್ಲಿ ಸಿಗ್ಮಾ. ನಡುವೆ ಒಂದು ಅಡ್ಡಗೆರೆ ಇದ್ದರೆ ಎಪ್ಸಿಲಾನ್. ನಡುವೆ ಏನೋ ಇತ್ತು. ಗೆರೆಯೋ, ಜೊಂಡಿನ ನಾರೋ. ಚಿತ್ರ ದೊಡ್ಡದು ಮಾಡಿದೆ, ಮಂಜಾಯಿತು. ಚಿಕ್ಕದು ಮಾಡಿದೆ. ಎಪ್ಸಿಲಾನ್ ಹಾಗೇ ಕಂಡಿತು. ಒತ್ತಿದೆ. ಮುಂದಿನ ಚೂರು ಬಂತು.